ಜೀವದ ಎರೆ

ಕೊಲ್ಲುವುದು ಒಂದು ಬಗೆಯ ಹಿಂಸೆ. ಜೀವಿಯ ಒದ್ದಾಟವನ್ನೇ ತನ್ನ ಉಪಕರಣವಾಗಿ ಮಾಡಿಕೊಳ್ಳುವುದು ಇನ್ನೊಂದು ಬಗೆಯ ಹಿಂಸೆ. ಇವೆರಡೂ ಒಂದೇ ತೂಕದವೆ? ಅಥವಾ ಮೊದಲನೆಯದರಲ್ಲಿಲ್ಲದ ಒಂದು ದೋಷವು ಎರಡನೆಯದರಲ್ಲಿ ಉಂಟೆ? ಇದನ್ನು ವಿಚಾರಿಸುವುದಕ್ಕೆ ದೂರದೇಶದ ಒಂದು ಮೀನುಬೇಟೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಅಲಾಸ್ಕದಿಂದ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯದವರೆಗೆ, ಕಡಲೊಳಗಿನ ಬಂಡೆಗಳ ನಡುವೆ ಲಿಂಗ್‌ಕಾಡ್ ಎಂಬ ಮೀನು ವಾಸಿಸುತ್ತದೆ. ಅದು ಐದಡಿ ಉದ್ದಕ್ಕೆ ಬೆಳೆಯಬಲ್ಲುದು. ಬಾಯಿಯಲ್ಲಿ ಸುಮಾರು 500 ಚೂಪಾದ ಹಲ್ಲುಗಳು. ದಿನಕ್ಕೆ ಸುಮಾರು 20 ಹಲ್ಲುಗಳು ಉದುರಿ ಹೊಸವು ಮೂಡುವುವೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಬಂಡೆಯ ಮರೆಯಲ್ಲಿ ಅಲುಗದೆ ಕಾದಿದ್ದು, ಸಮೀಪಕ್ಕೆ ಬಂದ ಮೀನಿನ ಮೇಲೆ ಒಮ್ಮೆಗೇ ಎರಗುವುದು ಅದರ ಸ್ವಭಾವ. ಹೀಗಿದ್ದರೂ ಅದೇ ಜಾತಿಯ ಗಂಡು, ಚಳಿಗಾಲದಲ್ಲಿ ಹೆಣ್ಣು ಇಟ್ಟುಹೋದ ಮೊಟ್ಟೆಗಳನ್ನು ಮರಿಯಾಗುವವರೆಗೆ ಕಾಯುತ್ತದೆ.

ಈ ಸ್ವಭಾವವನ್ನರಿತ ಅಲ್ಲಿನ ಬೇಟೆಗಾರರಲ್ಲಿ ಹಲವರು ಹೆರಿಂಗ್, ಸಾರ್ಡೀನ್ ಮೊದಲಾದ ಸಣ್ಣ ಮೀನುಗಳನ್ನು ಜೀವಂತವಾಗಿಯೇ ಎರೆಯಾಗಿ ಕಟ್ಟುವರು. ಒಂದು ಗಾಳವನ್ನು ಎರೆಮೀನಿನ ತುಟಿಯಲ್ಲಿ ತೂರಿಸುವರು. ಲಿಂಗ್‌ಕಾಡ್ ಹಿಂದಿನಿಂದ ಕಚ್ಚಿದರೂ ತಪ್ಪಿಸಿಕೊಳ್ಳದಂತೆ ಇನ್ನೊಂದನ್ನು ಬಾಲದ ಕಡೆ ತೊಗಲಿನಲ್ಲಿ ನಾಟಿಸುವರು. ಸೀಸದ ಗುಂಡನ್ನು ಮುಖ್ಯದಾರಕ್ಕಿಂತ ದುರ್ಬಲವಾದ ದಾರದಿಂದ ಕಟ್ಟುವರು. ಗುಂಡು ಬಂಡೆಗೆ ಸಿಕ್ಕಿಕೊಂಡರೆ ಅದೊಂದೇ ಹರಿದುಹೋಗಿ ಉಳಿದುದು ಕೈಸೇರುವುದು. ಎರೆಮೀನನ್ನು ಹೊಸನೀರು ಹರಿಯುವ ತೊಟ್ಟಿಯಲ್ಲಿಟ್ಟು, ಒದ್ದೆಗೈಯಿಂದ ಮೆಲ್ಲನೆತ್ತಿ, ಗಾಳವು ಮರ್ಮಸ್ಥಾನಕ್ಕೆ ತಗಲದಂತೆ ಎಚ್ಚರವಹಿಸುವರು.

ಈ ಎಚ್ಚರವು ನೋಡುವವರಿಗೆ ದಯೆಯಂತೆಯೇ ತೋರುವುದು. ಆದರೆ ಕೈಯ ಮಾರ್ದವವೆಲ್ಲ ದಯೆಯಲ್ಲ. ಎರೆಮೀನು ಬೇಗ ಸತ್ತರೆ ಬೇಟೆಗಾರನಿಗೆ ನಷ್ಟ. ಎಷ್ಟು ಹೊತ್ತು ಒದ್ದಾಡಿದರೆ ಅಷ್ಟು ಲಾಭ. ಆಹಾರಕ್ಕಾಗಿ ಮೀನನ್ನು ಕೊಲ್ಲುವವನಿಗೆ ಅದರ ಸಂಕಟ ಬೇಕಾಗಿಲ್ಲ. ಒಂದೇ ಪೆಟ್ಟಿಗೆ ಮುಗಿಸಿದರೂ ಅವನ ಊಟಕ್ಕೆ ಕೊರತೆಯಾಗದು. ಜೀವದ ಎರೆ ಕಟ್ಟುವವನಿಗಾದರೋ ಆ ಸಂಕಟವೇ ಸಾಧನ. ಮೊದಲನೆಯವನು ಸಂಕಟವನ್ನು ಕಡಮೆ ಮಾಡಬಹುದು. ಎರಡನೆಯವನು ಅದನ್ನು ಕಾಪಾಡಬೇಕಾಗುವುದು. ಭೇದವಿರುವುದು ಇಲ್ಲಿಯೇ.

“ಮೀನಿಗೆ ನೋವೆಂಬುದುಂಟೆ?” ಎಂದು ಕೇಳುವವರುಂಟು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಎಂಬ ಮೀನಿನ ತಲೆಯಲ್ಲಿ ಘಾತವನ್ನು ಗ್ರಹಿಸುವ ನರತಂತುಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಆ ಮೀನುಗಳು ಬಹಳ ಹೊತ್ತು ಮೇವನ್ನು ಮುಟ್ಟಲಿಲ್ಲ; ಕೆಲವು ತುಟಿಯನ್ನು ತೊಟ್ಟಿಯ ಕಲ್ಲುಗಳಿಗೆ ಉಜ್ಜಿಕೊಂಡವು. ಅದು ಮನುಷ್ಯನ ನೋವಿನಂಥದೇ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ. ಸಂದೇಹವುಳ್ಳಲ್ಲಿ ಕೈಯನ್ನು ತಡೆಯುವುದು ವಿವೇಕ. ಸಂದೇಹವನ್ನೇ ಅನುಮತಿಯೆಂದು ಭಾವಿಸುವುದು ಅವಿವೇಕ.

“ಲಿಂಗ್‌ಕಾಡ್ ತಾನೇ ಜೀವಂತ ಮೀನನ್ನು ನುಂಗುವುದಲ್ಲವೆ?” ಎಂಬುದು ಇನ್ನೊಂದು ಆಕ್ಷೇಪ. ನಿಜ, ಆದರೆ ಅದಕ್ಕೆ ಬೇರೆ ದಾರಿಯಿಲ್ಲ, ಮನುಷ್ಯನಿಗೆ ಉಂಟು. ಸತ್ತ ಹೆರಿಂಗನ್ನೋ, ಸೀಸದಿಂದಲೋ ಮೆತ್ತನೆಯ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಹುಸಿಮೀನನ್ನೋ ಕಟ್ಟಿ ಇದೇ ಲಿಂಗ್‌ಕಾಡನ್ನು ಹಿಡಿಯುವವರು ಅದೇ ಕರಾವಳಿಯಲ್ಲಿದ್ದಾರೆ. ನಾರ್ವೆ ದೇಶದಲ್ಲಿ ಜೀವಂತ ಮೀನನ್ನು ಎರೆಯಾಗಿ ಬಳಸುವುದು ನಿಷಿದ್ಧ. ಆಯ್ಕೆಯುಳ್ಳವನು ಆಯ್ಕೆಯಿಲ್ಲದ ಪ್ರಾಣಿಯನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಆ ಬೇಟೆಗಾರರನ್ನು ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ಅಮೆರಿಕದ ಪಶ್ಚಿಮ ತೀರದಲ್ಲಿ ಅತಿಬೇಟೆಯಿಂದ ಲಿಂಗ್‌ಕಾಡಿನ ಸಂತತಿ ಕ್ಷೀಣಿಸಿದೆಯೆಂದು 1999ರಲ್ಲಿ ಸರಕಾರವು ಸಾರಿತು. ಬೇಟೆಗೆ ಮಿತಿಯನ್ನು ವಿಧಿಸಿದ ಮೇಲೆ, 2005ರಲ್ಲಿ ಅದು ಚೇತರಿಸಿಕೊಂಡಿದೆಯೆಂದು ಘೋಷಿಸಲಾಯಿತು. ಸಂಯಮವು ಅಸಾಧ್ಯವಲ್ಲವೆಂಬುದಕ್ಕೆ ಇದೇ ಪ್ರಮಾಣ. ಆ ಸಂಯಮವು ಮೀನುಗಳ ಸಂಖ್ಯೆಯನ್ನು ಉಳಿಸಿತು. ಒಂದೊಂದು ಮೀನಿನ ಸಂಕಟವನ್ನು ನೆನೆಯುವ ಸಂಯಮವು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು.

ಮೀನನ್ನು ಮುಟ್ಟದವರು ಇಷ್ಟನ್ನೋದಿ ತಾವು ನಿರ್ದೋಷಿಗಳೆಂದು ಬೀಗಬೇಕಾಗಿಲ್ಲ. ಕರು ಸತ್ತ ಹಸುವಿನ ಮುಂದೆ, ಆ ಕರುವಿನ ತೊಗಲಿಗೇ ಹುಲ್ಲು ತುಂಬಿ ನಿಲ್ಲಿಸಿ, ತಾಯಿಯ ಹಂಬಲದಿಂದ ಹಾಲಿಳಿಸಿಕೊಳ್ಳುವ ಪದ್ಧತಿ ನಮ್ಮ ನಾಡಿನದೇ. ಅಲ್ಲಿಯೂ ಹಸುವಿನ ಮೈದಡವುವ ಕೈ ಮೃದುವಾಗಿಯೇ ಇರುತ್ತದೆ. ಸಾಲಗಾರನ ಕಷ್ಟ ತೀರದಂತೆಯೂ ಅವನು ಸಾಯದಂತೆಯೂ ನೋಡಿಕೊಂಡು ಬಡ್ಡಿಯೆಣಿಸುವವನು ಗಾಳವಿಲ್ಲದೆ ಎರೆ ಕಟ್ಟಿದವನೇ ಸರಿ.

ಆದುದರಿಂದ ‘ನಾನು ಈ ಜೀವವನ್ನು ಎಷ್ಟು ಜೋಪಾನವಾಗಿ ಹಿಡಿದಿದ್ದೇನೆ?’ ಎಂದು ಕೇಳಿಕೊಂಡರೆ ಸಾಲದು. ‘ಇದರ ಸಂಕಟ ಈಗಲೇ ಮುಗಿದರೆ ನನಗೆ ಸಂತೋಷವೋ ನಷ್ಟವೋ?’ ಎಂದು ಕೇಳಿಕೊಳ್ಳಬೇಕು. ನಷ್ಟವೆಂದು ಮನಸ್ಸು ಹೇಳಿದರೆ, ಅಲ್ಲಿ ದಯೆಯಿಲ್ಲವೆಂದು ತಿಳಿಯತಕ್ಕದ್ದು.