ಕತ್ತಲಕೋಣೆಯ ಕಲಿಕೆ ಮತ್ತು ಶ್ರಾವಕನ ಅಹಿಂಸೆ

ಫಿಲ್ಮಿನಲ್ಲಿ ಕಪ್ಪು-ಬಿಳುಪು ಛಾಯಾಚಿತ್ರ ತೆಗೆದು, ಅದನ್ನು ಕತ್ತಲಕೋಣೆಯಲ್ಲಿ ಸ್ವಹಸ್ತದಿಂದ ಮುದ್ರಿಸುವ ವಿದ್ಯೆಯಲ್ಲಿ ಇಂದಿನ ಕೆಲವು ತರುಣರಿಗೆ ಆಸಕ್ತಿ ಹುಟ್ಟಿದೆ. ಅಜ್ಜನು ಬೀರುವಿನಲ್ಲಿಟ್ಟು ಮರೆತ ಕ್ಯಾಮೆರಾ ಇದಕ್ಕೆ ನಿಮಿತ್ತವಾಗುವುದುಂಟು. ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರ ತೆಗೆಯುವ ಕಾಲದಲ್ಲಿ 36 ಚಿತ್ರಗಳ ಒಂದು ಸುರುಳಿಗೆ ತೃಪ್ತನಾಗುವುದು ಮೇಲ್ನೋಟಕ್ಕೆ ಪರಿಮಾಣವ್ರತದ ಅಭ್ಯಾಸದಂತೆಯೇ ತೋರುತ್ತದೆ. ಮನೆಯ ಹಿರಿಯರು ಸಂತೋಷಪಡುವುದು ಸಹಜ.

ಕಲಿಕೆಯ ಕ್ರಮವೂ ತಾಳ್ಮೆಯನ್ನು ಬೇಡುವಂಥದು. ಗಾಢ ಕತ್ತಲಿನಲ್ಲಿ ಫಿಲ್ಮನ್ನು ಬೆರಳ ಸ್ಪರ್ಶದಿಂದಲೇ ರೀಲಿಗೆ ಸುತ್ತಬೇಕು. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಡೆವಲಪರಿನಲ್ಲಿ ನಿಗದಿತ ನಿಮಿಷಗಳವರೆಗೆ ಸಂಸ್ಕರಿಸಬೇಕು. ಬಳಿಕ ಹೈಪೋ ದ್ರಾವಣದಲ್ಲಿ ಸ್ಥಿರಗೊಳಿಸಿ ತೊಳೆಯಬೇಕು. ಮುದ್ರಣದ ಸಮಯದಲ್ಲಿ ಕೆಂಪು ದೀಪದಡಿ, ತಟ್ಟೆಯ ದ್ರವದೊಳಗಿನ ಬಿಳಿಯ ಕಾಗದದ ಮೇಲೆ ಒಂದು ಮುಖ ಮೆಲ್ಲನೆ ಮೂಡಿಬರುವುದನ್ನು ಕಂಡವನು ಆ ವಿದ್ಯೆಯನ್ನು ಸುಲಭವಾಗಿ ಬಿಡಲಾರನು.

ಒದ್ದೆಯಾದ ಫಿಲ್ಮಿನ ಒಂದು ಮೈ ಬೆರಳಿಗೆ ಜಾರುತ್ತದೆ. ಅದನ್ನು ಮುಟ್ಟಬಾರದೆಂದು, ಬಿಸಿನೀರು ತಾಗಿಸಬಾರದೆಂದು ಹೊಸಬರಿಗೆ ಹೇಳುತ್ತಾರೆ. ಅದು ಏನೆಂಬುದನ್ನು ಹೇಳುವವರು ಕಡಿಮೆ. ಅದು ಜೆಲಟಿನ್, ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಅಂಟು. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಕಣಗಳನ್ನು ಹಿಡಿದಿಟ್ಟುಕೊಂಡಿರುವುದು ಅದೇ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಇದರ ಪ್ರಯೋಗವನ್ನು ಪ್ರಕಟಿಸಿದಂದಿನಿಂದ ಫಿಲ್ಮಿಗೂ ಮುದ್ರಣ ಕಾಗದಕ್ಕೂ ಇದೇ ಆಧಾರವಾಗಿ ಬಂದಿದೆ. 1920ರ ದಶಕದಲ್ಲಿ ಕೊಡಾಕ್ ಸಂಸ್ಥೆಯ ವಿಜ್ಞಾನಿ ಸ್ಯಾಮ್ಯುಯಲ್ ಶೆಪರ್ಡ್ ಒಂದು ವಿಚಿತ್ರ ಸಂಗತಿಯನ್ನು ಕಂಡುಹಿಡಿದರು. ಕೆಲವು ಜೆಲಟಿನ್ ಫಿಲ್ಮನ್ನು ಬೆಳಕಿಗೆ ಹೆಚ್ಚು ಸೂಕ್ಷ್ಮಗೊಳಿಸುತ್ತಿದ್ದುದಕ್ಕೆ ಕಾರಣ, ಆ ದನಗಳು ಮೇದ ಸಾಸಿವೆಯ ಜಾತಿಯ ಗಿಡಗಳಲ್ಲಿದ್ದ ಗಂಧಕದ ಅಂಶ! ಒಂದು ಜೀವಿ ಎಲ್ಲಿಯೋ ಮೇದ ಮೇವಿನ ಗುರುತು ಕೂಡ ಚಿತ್ರದವರೆಗೆ ಬರುತ್ತದೆ ಎಂದಾಯಿತು.

ಚಿತ್ರಕ್ಕಾಗಿ ಯಾರೂ ದನವನ್ನು ಕೊಲ್ಲುವುದಿಲ್ಲ, ಉಳಿದುದನ್ನು ಬಳಸುತ್ತಾರೆ ಅಷ್ಟೆ ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ಈ ವಾದ ದುರ್ಬಲವಾದುದು. ಮೂಳೆಗೆ ಸಲ್ಲುವ ಬೆಲೆಯೂ ಕಸಾಯಿಖಾನೆಯ ಆದಾಯದ ಒಂದು ಭಾಗವೇ. ಕೃತ, ಕಾರಿತ, ಅನುಮತವೆಂದು ಮೂರು ಬಗೆಯಾಗಿ ಹಿಂಸೆಯನ್ನು ಎಣಿಸಿದ ಧರ್ಮದಲ್ಲಿ ಕೊಳ್ಳುವವನು ಪೂರ್ಣವಾಗಿ ಹೊರಗುಳಿಯಲಾರನು. ಸಹಜವಾಗಿ ಸತ್ತ ದನದ ಮೂಳೆಯಿಂದಲೂ ಜೆಲಟಿನ್ ಮಾಡಬಹುದು, ನಿಜ. ಆದರೆ ಆಹಾರದ ಪೊಟ್ಟಣದ ಮೇಲಿರುವ ಹಸಿರು ಚುಕ್ಕೆಯಂಥ ಗುರುತು ಫಿಲ್ಮಿನ ಡಬ್ಬಿಯ ಮೇಲೆ ಇಲ್ಲ.

ಹಾಗಾದರೆ ಹಿಂದಿನವರೆಲ್ಲ ದೋಷಿಗಳೇ? ಶ್ರವಣಬೆಳಗೊಳದ 1953 ಮತ್ತು 1967ರ ಮಹಾಮಸ್ತಕಾಭಿಷೇಕಗಳ ಕಪ್ಪು-ಬಿಳುಪು ಚಿತ್ರಗಳು ಮೂಡಿದುದೂ ಇದೇ ಲೇಪದ ಮೇಲೆ. ಅಂದು ದಾಖಲಿಸಲು ಬೇರೆ ಸಾಧನವಿರಲಿಲ್ಲ. ಪ್ರಯೋಜನವಿತ್ತು, ಪರ್ಯಾಯವಿರಲಿಲ್ಲ. ಇಂದು ಸ್ಥಿತಿ ತಿರುಗಿದೆ. ಡಿಜಿಟಲ್ ಕ್ಯಾಮೆರಾದಲ್ಲಿ ಈ ಲೇಪದ ಅಗತ್ಯವಿಲ್ಲ. (ಗಣಿಗಾರಿಕೆಯ ಹಿಂಸೆ ಅದಕ್ಕೂ ತಗಲುತ್ತದೆ, ನಿರ್ದೋಷವೆಂದು ಹೇಳುವಂತಿಲ್ಲ.) ಆದಕಾರಣ ಫಿಲ್ಮು ಈಗ ಬಹುಮಟ್ಟಿಗೆ ವಿನೋದದ ವಸ್ತು. ಅಂದು ಆರಂಭೀ, ಉದ್ಯೋಗೀ ಹಿಂಸೆಯ ಲೆಕ್ಕದಲ್ಲಿ ಸೇರಬಹುದಾಗಿದ್ದುದು ಇಂದು ಅನರ್ಥದಂಡಕ್ಕೆ, ಎಂದರೆ ನಿಷ್ಪ್ರಯೋಜನ ಹಿಂಸೆಗೆ ಸಮೀಪಿಸುತ್ತದೆ. ಒಂದೇ ವಸ್ತುವಿನ ದೋಷ ಕಾಲದೊಡನೆ ಹೆಚ್ಚಬಲ್ಲದೆಂಬುದು ಹಲವರಿಗೆ ಒಗ್ಗದು. ಆದರೂ ಅದು ಹಾಗೆಯೇ ಸರಿ. ಇಷ್ಟು ಹೇಳಿ ತರುಣನನ್ನು ಗದರಿಸುವ ಹಿರಿಯರು ತಾವು ಬಸದಿಗೆ ಉಟ್ಟುಬರುವ ರೇಷ್ಮೆಯನ್ನೂ, ನುಂಗುವ ಕ್ಯಾಪ್ಸೂಲನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ಔಷಧಕ್ಕೆ ಅನಿವಾರ್ಯತೆಯ ನೆಪವಾದರೂ ಉಂಟು, ರೇಷ್ಮೆಗೆ ಅದೂ ಇಲ್ಲ.

ಬೆಳಕಿನಿಂದ ಚಿತ್ರ ಮೂಡಿಸುವ ವಿದ್ಯೆಗೆ ಬೇರೆ ದಾರಿಗಳೂ ಉಂಟು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಕ್ರಮದಲ್ಲಿ ಕಬ್ಬಿಣದ ಲವಣಗಳನ್ನು ಕಾಗದಕ್ಕೆ ನೇರವಾಗಿ ಬಳಿದು, ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದರೆ ನೀಲಿಯ ಚಿತ್ರ ದೊರೆಯುತ್ತದೆ. ಇದರಲ್ಲಿ ಜೆಲಟಿನ್ ಲೇಪವಿಲ್ಲ. ಕೆಲವು ಕಾಗದಗಳಿಗೇ ಅದನ್ನು ಪೂಸಿರುವುದರಿಂದ ಕಾಗದವನ್ನು ಮಾತ್ರ ವಿಚಾರಿಸಿ ಕೊಳ್ಳಬೇಕು. ಅನ್ನಾ ಅಟ್ಕಿನ್ಸ್ ಎಂಬಾಕೆ 1843ರಿಂದ ಪಾಚಿಸಸ್ಯಗಳನ್ನು ಹೀಗೆಯೇ ಚಿತ್ರಿಸಿದರು. ಶ್ರಾವಕರ ಮಕ್ಕಳು ತಾನಾಗಿ ಉದುರಿದ ಎಲೆಯಿಂದ ಆರಂಭಿಸಬಹುದು. ಆದರೆ ಕ್ಯಾಮೆರಾದೊಳಗಿನ ಫಿಲ್ಮಿಗೆ ಇದು ಸಮನಲ್ಲವೆಂಬುದನ್ನು ಮುಚ್ಚಿಡಬಾರದು. ಆ ಬಗೆಯ ನೆಗೆಟಿವ್ ಬೇಕೆನ್ನುವವನು ಜೆಲಟಿನನ್ನು ಒಪ್ಪಬೇಕು, ಇಲ್ಲವೆ ಆ ಆಸೆಯನ್ನು ಬಿಡಬೇಕು. ಮೊದಲ ಸುರುಳಿಯನ್ನು ಕೊಳ್ಳುವ ಮುನ್ನವೇ ಇದು ಅವನಿಗೆ ತಿಳಿದಿರಬೇಕು. ತಿಳಿದೂ ಕೊಂಡವನು ಬಳಸಿದ ಹೈಪೋವನ್ನಾದರೂ ಚರಂಡಿಗೆ ಸುರಿಯಬಾರದು. ಅದರಲ್ಲಿ ಕರಗಿದ ಬೆಳ್ಳಿ ಜಲಚರಗಳಿಗೆ ಮಾರಕ. ನೀರನ್ನು ಸೋಸಿ ಕುಡಿಯುವ ಮನೆಯಿಂದ ಅಂಥ ನೀರು ಹೊರಹೋಗಬಾರದು. ಡಬ್ಬಿಯಲ್ಲಿ ಸಂಗ್ರಹಿಸಿ, ಬೆಳ್ಳಿಯನ್ನು ಬೇರ್ಪಡಿಸುವವರಿಗೆ ಕೊಡಬೇಕು.

ಬಸದಿಗಳ ಟ್ರಸ್ಟುಗಳಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ, ವಿಷಯ ತಿಳಿದೊಡನೆ ಅವನ್ನು ಎಸೆಯುವುದು ಅವಿವೇಕ. ಆಗಿಹೋದ ಹಿಂಸೆ ಅದರಿಂದ ಹಿಂತಿರುಗದು. ದಾಖಲೆ ಮಾತ್ರ ನಷ್ಟವಾಗುತ್ತದೆ. ಹೊಸ ಕಾಗದದ ಮೇಲೆ ಮುದ್ರಿಸುವುದರ ಬದಲು ಸ್ಕ್ಯಾನ್ ಮಾಡಿಸಿಕೊಳ್ಳಬಹುದು. ಜೆಲಟಿನ್ ತೇವವನ್ನು ಹೀರುವ ವಸ್ತು. ಕರಾವಳಿಯ ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ. ಬೂಷ್ಟು ಹಿಡಿದ ಮೇಲೆ ಒರೆಸುವುದೂ ಜೀವಹಾನಿಯೇ. ಆದುದರಿಂದ ಅವುಗಳನ್ನು ಈಗಲೇ ಒಣಗಿದ, ತಂಪಾದ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳೊಡನೆ ಇಡುವುದು ಉಚಿತ.