ನೋವಿಗೆ ‘ನಾಳೆ ಬಾ’

ಸಂಜೆ ನಾಲ್ಕರ ಕಾಫಿ ಕುಡಿದು ಲೋಟ ಹಿಡಿದು ಏಳುವ ಹೊತ್ತಿಗೆ ಅಮ್ಮನ ಮೊಣಕಾಲಿನಲ್ಲಿ ನೋವು ಹಾಜರಿ ಹಾಕುತ್ತದೆ. ಇಬ್ಬರದೂ ಹಳೆಯ ನಂಟು. ಮೊದಲೆಲ್ಲ ಅದಕ್ಕೆ ಕಾವಲಿಯ ಮೇಲೆ ಬಿಸಿ ಮಾಡಿದ ಉಪ್ಪಿನ ಗಂಟು, ಹರಳೆಣ್ಣೆ, ಎಕ್ಕದ ಎಲೆಯ ಉಪಚಾರ ನಡೆಯುತ್ತಿತ್ತು. ಕಳೆದ ಯುಗಾದಿಗೆ ಬಂದ ಮೊಮ್ಮಗ ಅಂಗೈಯಗಲದ ಒಂದು ಯಂತ್ರ ತಂದುಕೊಟ್ಟ. ಅದರಿಂದ ಹೊರಟ ತಂತಿಗಳು, ತಂತಿಯ ತುದಿಗೆ ಅಂಟಂಟಾದ ಬಿಲ್ಲೆಗಳು. ಬಿಲ್ಲೆಗಳನ್ನು ಮಂಡಿಯ ಸುತ್ತ ಅಂಟಿಸಿ ಗುಂಡಿ ಒತ್ತಿದರೆ ಚರ್ಮದ ಮೇಲಿಂದಲೇ ನರಗಳಿಗೆ ಸಣ್ಣ ವಿದ್ಯುತ್ ಮಿಡಿತ. ಹೆಸರು ಟೆನ್ಸ್. ಫಿಸಿಯೋಥೆರಪಿಗೆ ಹೋದವರು ‘ಕರೆಂಟ್ ಕೊಡಿಸ್ಕೊಂಡು ಬಂದೆ’ ಅನ್ನುತ್ತಾರಲ್ಲ, ಅದೇ ಜಾತಿಯದು, ಜೇಬಿಗೆ ಹಿಡಿಸುವಷ್ಟು ಪುಟ್ಟದು. ಅಮ್ಮ ನೋಡಿದ ಕೂಡಲೇ ಅಂದಳು: “ಇಷ್ಟು ದಿನ ಶಾಖ ಕೊಡ್ತಿದ್ರಿ, ಇನ್ನು ಶಾಕ್ ಕೊಡಿ.”

ಶಾಕೇನೂ ಹೊಡೆಯಲಿಲ್ಲ. “ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಜೋಮು ಬಿಡುತ್ತಲ್ಲ, ಹಂಗಾಗ್ತಿದೆ” ಎಂದಳು. ಎಷ್ಟು ಜೋರು ಇಡಬೇಕು ಎಂಬುದಕ್ಕೂ ಅದೇ ಅಳತೆ: ಜುಮುಜುಮು ಚೆನ್ನಾಗಿ ತಿಳಿಯಬೇಕು, ಹಿಂಸೆಯಾಗಬಾರದು. ಅರ್ಧ ಗಂಟೆಯ ಮೇಲೆ ಎದ್ದು ಲೋಟ ತೊಳೆಯಲು ಹೋದಳು, ಗೋಡೆ ಹಿಡಿಯದೆ.

ಮಂಡಿ ಸವೆದದ್ದು ಸವೆದೇ ಇದೆ. ಯಂತ್ರ ಅದರ ತಂಟೆಗೇ ಹೋಗಿಲ್ಲ. ಹಾಗಿದ್ದರೆ ನೋವು ಎಲ್ಲಿ ಹೋಯಿತು?

ಹದಿನೇಳನೆಯ ಶತಮಾನದ ಫ್ರೆಂಚ್ ತತ್ವಜ್ಞಾನಿ ರೆನೆ ಡೆಕಾರ್ಟ್ ನೋವನ್ನು ಗಂಟೆಗೆ ಕಟ್ಟಿದ ಹಗ್ಗಕ್ಕೆ ಹೋಲಿಸಿದ್ದ. ಕಾಲಿಗೆ ಬೆಂಕಿ ತಗುಲಿದರೆ ಇತ್ತ ಹಗ್ಗ ಜಗ್ಗಿ ಅತ್ತ ತಲೆಯಲ್ಲಿ ಗಂಟೆ ಬಾರಿಸುತ್ತದೆ. ಜಗ್ಗಿದಷ್ಟು ಸದ್ದು. ಈ ಚಿತ್ರ ಬಹಳ ಕಾಲ ಬಾಳಿತು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞ, ಪ್ಯಾಟ್ರಿಕ್ ವಾಲ್ ಎಂಬ ನರವಿಜ್ಞಾನಿ ಸೇರಿ ಬೇರೆಯದೇ ಮಾತು ಹೇಳಿದರು: ನಡುದಾರಿಯಲ್ಲಿ, ಬೆನ್ನುಹುರಿಯೊಳಗೆ, ಒಂದು ಬಾಗಿಲಿದೆ. ಎಳೆಯುವ, ಉರಿಯುವ ನೋವನ್ನು ಹೊತ್ತು ತರುವ ತೆಳು ನರತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಒಂದೆರಡು ಮೀಟರಿನಂತೆ, ಅಂದರೆ ನಮ್ಮ ನಡಿಗೆಯ ವೇಗದಲ್ಲಿ ಬರುತ್ತದೆ. ಸ್ಪರ್ಶದ ಸುದ್ದಿ ತರುವ ದಪ್ಪ ತಂತುಗಳಲ್ಲಿ ಅದು ಸೆಕೆಂಡಿಗೆ 30 ಮೀಟರಿಗೂ ಮೇಲೆ, ಹೆದ್ದಾರಿಯ ಬಸ್ಸಿನ ಹಾಗೆ ಓಡುತ್ತದೆ. ಬಸ್ಸಿನಲ್ಲಿ ಬಂದವರು ಬಾಗಿಲಲ್ಲಿ ಗುಂಪುಗೂಡಿದರೆ ನಡೆದು ಬಂದವರಿಗೆ ಒಳಹೋಗಲು ಎಡೆಯಿಲ್ಲ. ಮೊಣಕೈ ಕದಕ್ಕೆ ಬಡಿದರೆ ನಾವು ಯೋಚಿಸದೆಯೇ ಉಜ್ಜಿಕೊಳ್ಳುತ್ತೇವಲ್ಲ, ಅದರ ಗುಟ್ಟು ಇದು. ಟೆನ್ಸ್ ಕೂಡ ಉಜ್ಜುತ್ತದೆ. ಸೆಕೆಂಡಿಗೆ ನೂರರ ಆಸುಪಾಸು ಮಿಡಿತ, ಕೈ ಸೋಲುವ ಮಾತಿಲ್ಲ. ಮಿಡಿತವನ್ನು ಸೆಕೆಂಡಿಗೆ ಎರಡು ನಾಲ್ಕಕ್ಕೆ ಇಳಿಸಿದರೆ ದಾರಿ ಬೇರೆ: ದೇಹ ತಾನೇ ತಯಾರಿಸುವ ಅಫೀಮಿನಂಥ ನೋವುನಿವಾರಕಗಳು ಹೆಚ್ಚಾಗಿ ಕೆಲಸಕ್ಕಿಳಿಯುತ್ತವೆ.

1967ರಲ್ಲಿ ವಾಲ್ ಅವರು ವಿಲಿಯಂ ಸ್ವೀಟ್ ಎಂಬ ಶಸ್ತ್ರವೈದ್ಯರ ಜೊತೆ ಸೇರಿ ಈ ಬಾಗಿಲನ್ನು ಮುಚ್ಚಿ ನೋಡಿದರು. ಮೊದಲ ಪ್ರಯೋಗ ತಮ್ಮ ತಮ್ಮ ಮುಖದ ನರದ ಮೇಲೆಯೇ. ಆಮೇಲೆ ಬಹುಕಾಲದಿಂದ ನರಳುತ್ತಿದ್ದ ಎಂಟು ರೋಗಿಗಳು. ಅವರಲ್ಲಿ ನಾಲ್ವರಿಗೆ ಎರಡೇ ನಿಮಿಷದ ಮಿಡಿತಕ್ಕೆ ಅರ್ಧ ಗಂಟೆಗೂ ಹೆಚ್ಚು ಬಿಡುವು ಸಿಕ್ಕಿತು. ಇಷ್ಟಾದರೂ ಅವರು ಬೀಗಲಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲೇ ‘ತಾತ್ಕಾಲಿಕ’ ಎಂಬ ಪದ ಇಟ್ಟರು.

ಆ ಪದ ಕಂಡಾಗ ನನಗೆ ನೆನಪಾದದ್ದು ನಮ್ಮೂರ ಕದಗಳು. ನಾನು ಚಿಕ್ಕವನಿದ್ದಾಗ ಬೀದಿಯ ಎಷ್ಟೋ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವ ಬರುತ್ತದೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಮುಗಿಯಿತು. ಬರಹ ಕಂಡರೆ ಓದಿಕೊಂಡು ಹಿಂತಿರುಗುತ್ತದೆ. ಮರುದಿನ ಬಂದರೂ ಅದೇ ಬರಹ. ದೆವ್ವವನ್ನು ಕೊಲ್ಲಲು ಹೊರಟವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ. ಒಂದು ರಾತ್ರಿಯ ನಿದ್ದೆಗೆ ಒಂದು ಸೀಮೆಸುಣ್ಣದ ತುಂಡು ಸಾಕು ಎಂಬ ವ್ಯವಹಾರ ಜ್ಞಾನ ಅದು.

ಕಾಯಿಲೆಯ ಮಾತು ಬಂದಾಗ ಮಾತ್ರ ನಮಗೆ ಈ ಜ್ಞಾನ ಮರೆತುಹೋಗುತ್ತದೆ. ‘ಇದರಿಂದ ಬೇರುಸಹಿತ ಹೋಗುತ್ತಾ?’ ಎಂದು ಕೇಳುತ್ತೇವೆ. ಇಲ್ಲ ಎಂದರೆ, ‘ಮತ್ತೇನು ಸುಖ?’ ಮುಂದೂಡಿದ್ದೂ ಸುಖವೇ ಎಂದು ಬಲ್ಲವರು ಎರಡು ಸಾವಿರ ವರ್ಷದ ಹಿಂದೆಯೂ ಇದ್ದರು. ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಗೌಟ್ ರೋಗದ ಕಾಲುನೋವಿಗೆ ಕಡಲ ದಡದ ಒದ್ದೆ ನೆಲದಲ್ಲಿ ಜೀವಂತ ವಿದ್ಯುತ್ ಮೀನಿನ ಮೇಲೆ ಕಾಲಿಟ್ಟು ನಿಲ್ಲಲು ಬರೆದುಕೊಟ್ಟಿದ್ದ, ಜೋಮು ಮಂಡಿಗೆ ಏರುವ ತನಕ. ಆ ಮೀನಿಗೆ ಗ್ರೀಕರು ಇಟ್ಟ ಹೆಸರಿನ ಅರ್ಥವೇ ಜೋಮು. ಅಮ್ಮನ ಪದ ಅವರಿಗೂ ಹೊಳೆದಿತ್ತು.

ಆದರೂ ಯಂತ್ರವನ್ನು ಹೊಗಳಿ ಅಟ್ಟಕ್ಕೇರಿಸುವ ಮುನ್ನ ಇನ್ನೊಂದು ಮಗ್ಗುಲು ನೋಡಬೇಕು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಎಂಬ ಸಂಸ್ಥೆ 2016ರಲ್ಲಿ ಸೊಂಟನೋವಿಗೂ 2022ರಲ್ಲಿ ಕೀಲು ಸವೆತಕ್ಕೂ ಟೆನ್ಸ್ ಬೇಡ ಎಂದಿತು. ಕೀಲಿನ ವಿಷಯದಲ್ಲಿ ಕೊಟ್ಟ ಕಾರಣ, ಉಪಯೋಗಕ್ಕೆ ಸಾಕಷ್ಟು ಪುರಾವೆ ಇಲ್ಲ. ಹೆರಿಗೆ ನೋವಿನ ಅಧ್ಯಯನಗಳಲ್ಲಿ ಇನ್ನೂ ಸೋಜಿಗ: ಅಂಕಿ ಹಾಕಿ ಅಳೆದರೆ ನೋವಿನಲ್ಲಿ ಹೆಚ್ಚು ಅಂತರವಿಲ್ಲ, ಬಾಣಂತಿಯರನ್ನು ಕೇಳಿದರೆ ಮುಂದಿನ ಸಲವೂ ಬೇಕು ಎಂದವರೇ ಹೆಚ್ಚು.

ಅಳತೆಗೋಲಿಗೆ ಸಿಗದ್ದು ಅವರಿಗೇನು ಸಿಕ್ಕಿತು? ಎಡವಿ ಬಿದ್ದ ಮಗುವನ್ನು ನಮ್ಮ ಅಜ್ಜಿಯರು ಎತ್ತುವ ರೀತಿ ನೆನಪಿಸಿಕೊಳ್ಳಿ. ಒಂದು ಕೈ ಮಗುವಿನ ಮಂಡಿ ಉಜ್ಜುತ್ತದೆ. ಇನ್ನೊಂದು ಕೈ ಹೊಸ್ತಿಲಿಗೆ ಪಟಪಟ ಹೊಡೆಯುತ್ತದೆ: “ನಮ್ಮ ಪುಟ್ಟನ್ನ ಬೀಳಿಸ್ತೀಯಾ?” ಉಜ್ಜುವ ಕೈ ಕೆಳಗಿನಿಂದ ಬಾಗಿಲು ಮುಚ್ಚುತ್ತದೆ, ಹೊಸ್ತಿಲಿಗೆ ಹೊಡೆಯುವ ಕೈ ಮೇಲಿನಿಂದ. ಬೆನ್ನುಹುರಿಯ ಬಾಗಿಲಿಗೆ ಮಿದುಳಿನ ಅಪ್ಪಣೆಯೂ ನಡೆಯುತ್ತದೆ, ಭಯ ಅದನ್ನು ತೆರೆಯುತ್ತದೆ, ನೆಮ್ಮದಿ ಮುಚ್ಚುತ್ತದೆ ಎಂಬುದು ಮೆಲ್ಜಾಕ್ ಮತ್ತು ವಾಲ್ ಹೇಳಿದ್ದರ ಇನ್ನರ್ಧ. ಹೆರಿಗೆ ಕೋಣೆಯಲ್ಲಿ ಗುಂಡಿ ಹೆಣ್ಣಿನ ಕೈಯಲ್ಲೇ ಇರುತ್ತದೆ; ನೋವಿನ ಅಲೆ ಏರಿದಾಗ ಅವಳು ಏರಿಸುತ್ತಾಳೆ, ಇಳಿದಾಗ ಇಳಿಸುತ್ತಾಳೆ. ಅಮ್ಮನ ನೆಮ್ಮದಿಯಲ್ಲಿ ಕರೆಂಟಿನದೆಷ್ಟು, ಮೊಮ್ಮಗ ತಂದದ್ದು ಎಂಬುದರದೆಷ್ಟು ಎಂದು ಪಾಲು ಮಾಡಲು ನನಗಂತೂ ಮನಸ್ಸಿಲ್ಲ.

‘ನಾಳೆ ಬಾ’ ಎಂದು ಬರೆಯುವವರಿಗೂ ಎಚ್ಚರ ಬೇಕು. ದಿನಾ ಒಂದೇ ಬಗೆಯ ಮಿಡಿತ ಕೊಟ್ಟರೆ ದೆವ್ವಕ್ಕೆ ಬರಹ ಅಭ್ಯಾಸವಾಗಿಬಿಡುತ್ತದೆ. ಆಗಾಗ ಬಗೆ ಬದಲಿಸಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೊರಳಿನ ಮುಂಭಾಗ, ಗಾಯ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ, ಇಲ್ಲೆಲ್ಲ ಬಿಲ್ಲೆ ಅಂಟಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಾಗಿ ಬಂದ ನೋವಿಗೆ ಕದ ಹಾಕಬಾರದು. ಎದೆಯಲ್ಲಿ ಹಿಂಡುವ ನೋವು ಬಾಗಿಲು ತಟ್ಟಿದರೆ ಅದು ದೆವ್ವವಲ್ಲ, ಓಡಿ ಬಂದ ನೆರೆಮನೆಯವನು. ಅವನ ಮಾತು ಇವತ್ತೇ ಕೇಳಬೇಕು.

ಮೊನ್ನೆ ಸಂಜೆ ಬಿಲ್ಲೆ ಕಿತ್ತು ಸುತ್ತಿಡುತ್ತಿದ್ದ ಅಮ್ಮನನ್ನು ಕೇಳಿದೆ: “ನೋವು ಹೋಯ್ತಾ?”

“ಎಲ್ಲಿಗೆ ಹೋಗುತ್ತೆ? ಜಗಲಿ ಮೇಲೆ ಕೂತಿದೆ” ಎಂದಳು. “ಕೂತಿರ್ಲಿ. ಅದು ಏಳೋದ್ರೊಳಗೆ ನಾಳೆ ಪೂಜೆಗೆ ನಾಲ್ಕು ಮೊಗ್ಗು ಬಿಡಿಸ್ಕೊಂಡು ಬರ್ತೀನಿ.”