ತಪ್ಪು ಜಾಗದಲ್ಲಿ ಕೂತವರು

ಒಂದೇ ಒಂದು ಸ್ಪೀಕರ್ ಇರುವ ಸೆಟ್ಟಿಗೆ ನಾನು ಎಷ್ಟು ದುಡ್ಡು ಸುರಿದಿದ್ದೇನೆ ಅಂತ ಗೊತ್ತಾದಾಗ ಗೆಳೆಯನೊಬ್ಬ ಬಿದ್ದೂ ಬಿದ್ದೂ ನಕ್ಕ. "ಪೂರ್ತಿ ದುಡ್ಡು ಕೊಟ್ಟು ಅರ್ಧ ಊಟ ಮಾಡೋ ಗಿರಾಕಿ ನೀನೊಬ್ನೇ ಕಣೋ" ಅಂದ. ನಾನೊಬ್ಬನೇ ಏನಲ್ಲ. ಸ್ಟೀರಿಯೋ ಎಲ್ಪಿಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಅಷ್ಟು ದಶಕ ಕಳೆದರೂ ಡೆನಾನ್, ಆರ್ಟೊಫಾನ್‌ನಂಥ ಕಂಪನಿಗಳು ಮೋನೋ ಕಾರ್ಟ್ರಿಜ್ ಮಾಡುವುದನ್ನು ಬಿಟ್ಟಿಲ್ಲ, ನನ್ನಂಥ ಹುಚ್ಚರು ಕೊಳ್ಳುವುದನ್ನೂ ಬಿಟ್ಟಿಲ್ಲ.

ಗೆಳೆಯನಿಗೆ ಕೊಡೋಕೆ ತಾಂತ್ರಿಕ ಉತ್ತರ ರೆಡಿ ಇತ್ತು. ಮೋನೋ ರೆಕಾರ್ಡಿನ ಗೆರೆಯಲ್ಲಿ ಹಾಡು ಇರೋದು ಮುಳ್ಳಿನ ಅಡ್ಡಡ್ಡ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಕುಲುಕಾಟವನ್ನೂ ಓದುತ್ತೆ. ಹಳೇ ಮೋನೋ ರೆಕಾರ್ಡಿನಲ್ಲಿ ಆ ಕುಲುಕಾಟ ಅಂದ್ರೆ ಧೂಳು, ಸವೆತ, ಚರಪರ ಸದ್ದು, ಅಷ್ಟೇ. ಮೋನೋ ಕಾರ್ಟ್ರಿಜ್ ಅದಕ್ಕೆ ಕಿವುಡು. ಪಿ. ಬಿ. ಶ್ರೀನಿವಾಸ್ ಅವರ ದನಿಯ ಮುಂದಿದ್ದ ತೆರೆ ಯಾರೋ ಸರಿಸಿದ ಹಾಗಾಗುತ್ತೆ.

ಎರಡನೇ ಉತ್ತರ ಇನ್ನೂ ಸ್ವಲ್ಪ ಜಂಬದ್ದು. 1967ರ 'ಸಾರ್ಜೆಂಟ್ ಪೆಪರ್ಸ್' ಆಲ್ಬಮ್ಮಿಗೆ ಬೀಟಲ್ಸ್ ತಾವೇ ಜೊತೆಗೆ ಕೂತು ಮಿಕ್ಸ್ ಮಾಡಿಸಿದ್ದು ಮೋನೋವನ್ನು. ಸ್ಟೀರಿಯೋ ಕೆಲಸ ಆಮೇಲೆ ಬೇಗ ಬೇಗ ಮುಗೀತು. ಹಾಗಾದರೆ 'ಅಸಲಿ' ಯಾವುದು? ಅದೇ ದಶಕದಲ್ಲಿ ಕೆಲವು ಕಂಪನಿಗಳು ಮೋನೋ ಹಾಡಿನ ಮಂದ್ರವನ್ನು ಒಂದು ಕಡೆ, ತಾರವನ್ನು ಇನ್ನೊಂದು ಕಡೆ ತಳ್ಳಿ ಸ್ಟೀರಿಯೋ ಅಂತ ಮಾರಿದ್ದೂ ಉಂಟು. ಒಂದು ಸೀರೆ ಹರಿದು ಎರಡು ಸೀರೆ ಅಂದ ಹಾಗೆ.

ಇದೆಲ್ಲ ನಿಜವೇ. ಆದರೆ ನಾನು ಮೋನೋಗೆ ಬಂದದ್ದು ಇದಕ್ಕಲ್ಲ.

ಸ್ಟೀರಿಯೋ ಕೇಳೋರಿಗೆ ಗೊತ್ತಿರುತ್ತೆ: ಎರಡು ಸ್ಪೀಕರು, ಒಂದು ಕುರ್ಚಿ, ಮೂರೂ ಸೇರಿ ಸಮಬಾಹು ತ್ರಿಕೋನ. ಆ ಕುರ್ಚಿಯಲ್ಲಿ ಕೂತರೆ ಗಾಯಕಿ ನಟ್ಟನಡುವೆ ಗಾಳಿಯಲ್ಲಿ ನಿಂತಿರ್ತಾಳೆ. ಎರಡಡಿ ಪಕ್ಕಕ್ಕೆ ಜರುಗಿದರೆ ಅವಳೂ ಜರುಗ್ತಾಳೆ. ನಮ್ಮ ಹಾಲ್‌ನಲ್ಲಿ ಆ ಕುರ್ಚಿ ಎಲ್ಲಿರಬೇಕು ಅಂತ ನೆಲದ ಮೇಲೆ ಟೇಪ್ ಅಂಟಿಸಿದ್ದೆ. ಕಸ ಗುಡಿಸುವವರು ಅದನ್ನು ಸರಿಸಿದರೆ ನನಗೆ ಸಿಟ್ಟು ಬರ್ತಿತ್ತು. ಆ ಕುರ್ಚಿಯಲ್ಲಿ ನಾನಲ್ಲದೆ ಇನ್ನೊಬ್ಬರು ಕೂತದ್ದು ನೆನಪಿಲ್ಲ.

ಅಮ್ಮನಿಗೆ ಬಲಗಿವಿ ಕೇಳಿಸುವುದು ತೀರಾ ಕಮ್ಮಿ. ಒಂದು ಸಂಜೆ ಸಿತಾರ್, ಸರೋದ್ ಜುಗಲಬಂದಿ ಹಾಕಿದ್ದೆ. ಅವಳು ಅವರೆಕಾಯಿ ಮೊರ ಹಿಡಿದು ಬಂದು ಎಡಗಡೆ ಸ್ಪೀಕರ್ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಕೇಳಿ, "ಜುಗಲಬಂದಿ ಅಂದೆ, ಒಬ್ರೇ ನುಡಿಸ್ತಿದಾರಲ್ಲೋ?" ಅಂದಳು. ನಾನು ಕಣ್ಣು ಮುಚ್ಚಿಕೊಂಡೇ ಹೇಳಿದೆ: "ನೀನು ತಪ್ಪು ಜಾಗದಲ್ಲಿ ಕೂತಿದೀಯಮ್ಮ."

ಅವಳು ಏನೂ ಅನ್ನಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ರೆಕಾರ್ಡ್ ಹಾಕಿದಾಗ ಬರುವುದನ್ನೇ ಬಿಟ್ಟಳು. ಅದು ನನ್ನ ಗಮನಕ್ಕೆ ಬರೋಕೆ ತಿಂಗಳುಗಳೇ ಹಿಡಿದವು, ಬಂದಾಗಲೂ ಮೊದಲು ಅನ್ನಿಸಿದ್ದು 'ಪರವಾಗಿಲ್ಲ, ನಿಶ್ಶಬ್ದವಾಗಿದೆ' ಅಂತ.

ಹೈ-ಫೈ ಅನ್ನೋದರಲ್ಲಿ ಇರುವ ಫಿಡೆಲಿಟಿ ಅಂದ್ರೆ ನಿಷ್ಠೆ. ಯಾರಿಗೆ ನಿಷ್ಠೆ? ಸ್ಟುಡಿಯೋದಲ್ಲಿ ಹುಟ್ಟಿದ ದನಿಗೆ, ಅಂತ ಥಟ್ಟನೆ ಹೇಳ್ತೇವೆ. ಆ ನಿಷ್ಠೆಯಲ್ಲಿ ನಾನು ಒಂದು ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ಅಮ್ಮ ಆ ಲೆಕ್ಕದಲ್ಲೇ ಇರಲಿಲ್ಲ, ಅಷ್ಟೇ. ಸ್ಟೀರಿಯೋ ಮೋಸ ಅಂತಲ್ಲ. ಬ್ರಿಟಿಷ್ ಇಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಆ ವಿದ್ಯೆ ದೊಡ್ಡದೇ. ನೂರು ಜನರ ಆರ್ಕೆಸ್ಟ್ರಾವನ್ನು ಮೋನೋದಲ್ಲಿ ಕೇಳೋದು ಬಾಗಿಲ ಸಂದಿಯಿಂದ ಜಾತ್ರೆ ನೋಡಿದ ಹಾಗೆ. ಇದನ್ನು ಒಪ್ಪದ ಮೋನೋ ಭಕ್ತರ ಜೊತೆ ನಾನು ವಾದ ಮಾಡೋಲ್ಲ. ಆದರೆ ಅದರ ಪೂರ್ತಿ ಸೊಗಸು ಒಬ್ಬರಿಗೆ, ಒಂದು ಜಾಗದಲ್ಲಿ, ಎರಡೂ ಕಿವಿ ನೆಟ್ಟಗಿದ್ದರೆ. ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್‌ಗೆ ಒಂದು ಕಿವಿ ಹೆಚ್ಚೂಕಮ್ಮಿ ಕೇಳಿಸುತ್ತಲೇ ಇರಲಿಲ್ಲ. 1966ರ 'ಪೆಟ್ ಸೌಂಡ್ಸ್' ಅನ್ನು ಆತ ಮಿಕ್ಸ್ ಮಾಡಿದ್ದು ಮೋನೋದಲ್ಲಿ. ಅದನ್ನು ಕೇಳುವಾಗ ತಪ್ಪು ಜಾಗ ಅನ್ನೋದೇ ಇಲ್ಲ.

ಹೀಗಂತ ಹೇಳಿ ನಾನು ದೊಡ್ಡ ಮನುಷ್ಯನಾಗೋಕೆ ಹೊರಟಿಲ್ಲ. ಮೋನೋ ಪೆಟ್ಟಿಗೆ ಇಟ್ಟುಕೊಂಡೂ ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಕೊಂಡದ್ದು ಪ್ರಾಯಶ್ಚಿತ್ತವನ್ನೋ, ಇನ್ನೊಂದು ಆಟಿಕೆಯನ್ನೋ? ಕಾರ್ಟ್ರಿಜ್ ಆರಿಸುವಾಗ ಮೂರು ವಾರ ನಿದ್ದೆಗೆಟ್ಟದ್ದು ನೋಡಿದರೆ ಎರಡನೆಯದೇ ಇರಬೇಕು. ಅಮ್ಮನ ಹತ್ರ ಕ್ಷಮೆ ಕೇಳೋಕೆ ಒಂದು ರೂಪಾಯಿಯೂ ಬೇಕಿರಲಿಲ್ಲ. ಅದನ್ನಿನ್ನೂ ಕೇಳಿಲ್ಲ.

ಮೊನ್ನೆ ಭಾನುವಾರ ಎಸ್. ಜಾನಕಿ ಹಾಡಿದ ಹಳೇ ರೆಕಾರ್ಡೊಂದು ಹಾಕಿ ಸ್ಪೀಕರಿಗೆ ಬೆನ್ನು ಮಾಡಿ ಪೇಪರ್ ಓದ್ತಾ ಕೂತಿದ್ದೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಶ್ರುತಿ ಒಂಚೂರು ಮೇಲಿದೆ ಅಲ್ವೇನೋ?"

ಇರಲಿಕ್ಕಿಲ್ಲ ಅಂದುಕೊಂಡು ಪ್ಲೇಯರಿನ ವೇಗ ನೋಡಿದೆ. 33⅓ರ ಬದಲು 34ರ ಹತ್ತಿರ ತಿರುಗ್ತಿತ್ತು.